ಶಿಲುಬೆಯ ಮುಂದೆ ನಮ್ಮ ಕೃತಜ್ಞತೆ

ತಪಸ್ಸುಕಾಲದ ಶುಕ್ರವಾರಗಳಂದು ನಾವು ಶಿಲುಬೆಯ ಹಾದಿಯ 14 ಸ್ಥಳಗಳ ಮುಂದೆ ಮೊಣಕಾಲೂರುತ್ತೇವೆ. ಯೇಸುಸ್ವಾಮಿಯನ್ನು ಆರಾಧಿಸಿ, ಅವರು ಅನುಭವಿಸಿದ ಪಾಡುಗಳಿಗಾಗಿ ವಂದನೆ ಸಲ್ಲಿಸುತ್ತೇವೆ. ಬಾಲ್ಯದಿಂದಲೇ ಬಾಯಿಗೆ ರೂಢಿಯಾದ ಈ ಮಾತಿನೊಳಗೆ, ಪ್ರಿಯ ಓದುಗರೇ, ಒಂದು ಕಠಿಣವಾದ ಪ್ರಶ್ನೆ ಅಡಗಿದೆ. ನಿರಪರಾಧಿಯೊಬ್ಬರನ್ನು ಹಿಂಸಿಸಿ ಕೊಂದುದಕ್ಕಾಗಿ ಕೃತಜ್ಞರಾಗಿರುವುದು ಹೇಗೆ? ನಮ್ಮ ಮನೆಯ ಮಗನಿಗೆ ಹೀಗಾಗಿದ್ದರೆ, ಅದರಿಂದ ಊರಿಗೆ ಎಷ್ಟೇ ಒಳಿತಾಗಿದ್ದರೂ, ಆ ನೋವನ್ನು ನೆನೆದು ನಾವು ವಂದನೆ ಹೇಳುತ್ತಿದ್ದೆವೇ?

ಶಿಲುಬೆ ಮೊದಲಿಗೆ ಪೂಜ್ಯ ವಸ್ತುವಾಗಿರಲಿಲ್ಲ. ರೋಮನ್ ಆಡಳಿತವು ದಾಸರಿಗೂ ಬಂಡಾಯಗಾರರಿಗೂ ವಿಧಿಸುತ್ತಿದ್ದ ಶಿಕ್ಷೆ ಅದು. ರೋಮನ್ ಪೌರರನ್ನು ಸಾಮಾನ್ಯವಾಗಿ ಅದಕ್ಕೆ ಗುರಿಪಡಿಸುತ್ತಿರಲಿಲ್ಲ. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್ ಎಂಬಲ್ಲಿ ದೊರೆತ ಒಂದನೇ ಶತಮಾನದ ಸಮಾಧಿಯೊಂದರಲ್ಲಿ, ಶಿಲುಬೆಗೇರಿಸಲ್ಪಟ್ಟ ಮನುಷ್ಯನೊಬ್ಬನ ಹಿಮ್ಮಡಿಯ ಮೂಳೆ ಸಿಕ್ಕಿತು. ಕಬ್ಬಿಣದ ಮೊಳೆ ಇನ್ನೂ ಅದರಲ್ಲೇ ನೆಟ್ಟಿತ್ತು. ಮೊಳೆಯ ತುದಿ ಬಾಗಿದ್ದರಿಂದ ಬಂಧುಗಳಿಗೆ ಅದನ್ನು ಕೀಳಲಾಗಿರಲಿಲ್ಲವೇನೋ. ಆ ಮೂಳೆಯನ್ನು ಕಂಡವರಾರೂ ಯಾತನೆ ಸುಂದರವೆಂದು ಹೇಳಲಾರರು.

ಹೀಗಿದ್ದರೂ ಶುಭಸಂದೇಶಗಳು ಆ ಯಾತನೆಯನ್ನು ವಿವರಿಸುವುದಿಲ್ಲ. ಯೇಸುವನ್ನು ಶಿಲುಬೆಗೇರಿಸಿದರೆಂದು ಸಂತ ಮಾರ್ಕರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಶಿಲುಬೆಗೇರಿಸಿದ ಪ್ರಸಂಗದಲ್ಲಿ ನಾಲ್ವರಲ್ಲಿ ಒಬ್ಬರೂ ಮೊಳೆಗಳ ಹೆಸರೆತ್ತುವುದಿಲ್ಲ. ಅವುಗಳ ಪ್ರಸ್ತಾಪ ಬರುವುದು ಪುನರುತ್ಥಾನದ ಬಳಿಕ, ತೋಮನ ಸಂಶಯದ ಸಂದರ್ಭದಲ್ಲಿ. 2004ರಲ್ಲಿ ತೆರೆಕಂಡ ಮೆಲ್ ಗಿಬ್ಸನ್‌ರ ಚಲನಚಿತ್ರವನ್ನು ನೋಡಿ ಕಣ್ಣೀರಿಟ್ಟವರು ನಮ್ಮಲ್ಲಿ ಅನೇಕರು. ಆ ಕಣ್ಣೀರನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಚಾಟಿಯೇಟುಗಳನ್ನು ಎಣಿಸುತ್ತಾ ಕೂರುವಂತೆ ಶುಭಸಂದೇಶಗಳು ನಮ್ಮನ್ನು ಕೇಳಿಕೊಳ್ಳುವುದಿಲ್ಲ.

ಕಡೆಯ ರಾತ್ರಿಯ ಎರಡು ಪಾನಪಾತ್ರೆಗಳನ್ನು ಜೊತೆಗಿಟ್ಟು ನೋಡಿರಿ. ಭೋಜನದ ಮೇಜಿನ ಬಳಿ ಯೇಸುಸ್ವಾಮಿ ಪಾನಪಾತ್ರೆಯನ್ನು ಕೈಗೆತ್ತಿಕೊಂಡು ದೇವರಿಗೆ ಕೃತಜ್ಞತಾಸ್ತೋತ್ರ ಸಲ್ಲಿಸುತ್ತಾರೆ. ನಾವು ಆಚರಿಸುವ ಪರಮಪ್ರಸಾದಕ್ಕೆ ಗ್ರೀಕ್ ಭಾಷೆಯಲ್ಲಿ ಬಂದ ಹೆಸರಿನ ಅರ್ಥವೇ ಕೃತಜ್ಞತೆ. ಕೆಲವೇ ಗಂಟೆಗಳ ಬಳಿಕ ಗೆತ್ಸೆಮನೆಯಲ್ಲಿ ಅವರು ಮತ್ತೊಂದು ಪಾನಪಾತ್ರೆಯ ಮಾತನಾಡುತ್ತಾರೆ. ಅಲ್ಲಿ ಸ್ತೋತ್ರವಿಲ್ಲ, ಸಾಧ್ಯವಿದ್ದರೆ ಅದು ತಮ್ಮಿಂದ ತೊಲಗಲೆಂಬ ಬೇಡಿಕೆಯಿದೆ. ಪಿತನ ಚಿತ್ತಕ್ಕೆ ತಲೆಬಾಗಿದರು, ನಿಜ. ನೋವಿಗಾಗಿ ವಂದನೆ ಹೇಳಲಿಲ್ಲ. ಅವರೇ ವಂದಿಸದ ನೋವನ್ನು ನಾವೇಕೆ ವಂದಿಸಬೇಕು? ನಮ್ಮ ಕೃತಜ್ಞತೆಯೂ ಆ ಮೇಜಿನ ಬಳಿಯಿಂದಲೇ ಆರಂಭವಾಗಬೇಕು: ತಮ್ಮನ್ನೇ ರೊಟ್ಟಿಯಂತೆ ಮುರಿದು ಕೊಟ್ಟವರಿಗೆ ಅದು ಸಲ್ಲಬೇಕು.

ಗೊಲ್ಗೊಥಾದಲ್ಲಿ ಸಣ್ಣದೊಂದು ಘಟನೆ ನಡೆಯಿತು. ಸೈನಿಕರು ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನೀಡಿದಾಗ ಯೇಸುಸ್ವಾಮಿ ಅದನ್ನು ಸ್ವೀಕರಿಸಲಿಲ್ಲವೆಂದು ಸಂತ ಮಾರ್ಕರು ಬರೆಯುತ್ತಾರೆ. ಅದು ನೋವನ್ನು ಮಂಕಾಗಿಸುವ ಪಾನೀಯವೆಂದು ಅನೇಕ ವ್ಯಾಖ್ಯಾನಕಾರರ ಅಭಿಮತ. ನಿರಾಕರಿಸಿದ ಕಾರಣವನ್ನು ಮಾರ್ಕರು ಹೇಳುವುದಿಲ್ಲ. ಆದರೆ ಮಂಕಾಗದ ಆ ಪ್ರಜ್ಞೆಯಿಂದ ಅವರು ಮಾಡಿದ್ದೇನೆಂಬುದನ್ನು ಸಂತ ಲೂಕರಿಂದಲೂ ಸಂತ ಯೊವಾನ್ನರಿಂದಲೂ ತಿಳಿಯುತ್ತೇವೆ. ಕೊಲ್ಲುತ್ತಿದ್ದವರಿಗೆ ಕ್ಷಮೆ ಬೇಡಿದರು. ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಯ ಮಾತಿಗೆ ಕಿವಿಗೊಟ್ಟರು. ತಾಯಿ ಮುಂದೆ ಯಾರ ಮನೆಯಲ್ಲಿರಬೇಕೆಂಬ ಏರ್ಪಾಡು ಮಾಡಿದರು. ಹಲ್ಲುನೋವು ಬಂದರೂ ಸಾಕು, ನಮಗೆ ಲೋಕವೆಲ್ಲ ಆ ಹಲ್ಲಿನಷ್ಟಕ್ಕೆ ಕುಗ್ಗಿಬಿಡುತ್ತದೆ. ಅವರ ನೋವು ಇತರರನ್ನು ಅವರ ಕಣ್ಣಿನಿಂದ ಮರೆಮಾಡಲಿಲ್ಲ.

ಈ ನಿರಾಕರಣೆಯನ್ನು ಕಂಡು, ರೋಗಿಗೆ ನೋವುನಿವಾರಕ ಔಷಧ ಕೊಡುವುದು ವಿಶ್ವಾಸದ ಕೊರತೆಯೆಂದು ಭಾವಿಸುವವರುಂಟು. ಧರ್ಮಸಭೆಯ ಬೋಧನೆ ಹಾಗಿಲ್ಲ. 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರು ಮುಂದಿಟ್ಟಿದ್ದ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಮರಣಾಸನ್ನರಾದವರ ನೋವನ್ನು ಔಷಧದಿಂದ ಶಮನಗೊಳಿಸುವುದು ನ್ಯಾಯಸಮ್ಮತವೆಂದು ಹನ್ನೆರಡನೇ ಪಿಯುಸ್ ಪೋಪರು ತಿಳಿಸಿದರು. ಯೇಸುಸ್ವಾಮಿಯೂ ಕೊನೆಯಲ್ಲಿ ಬಾಯಾರಿಕೆಯನ್ನು ಬಾಯಿಬಿಟ್ಟು ಹೇಳಿ, ತಮ್ಮ ತುಟಿಗೆ ತಂದ ಹುಳಿರಸವನ್ನು ಸ್ವೀಕರಿಸಿದರು.

ಇದಕ್ಕಿಂತಲೂ ನೋವು ತರುವ ತಪ್ಪು ತಿಳಿವಳಿಕೆಯೊಂದು ನಮ್ಮ ಮನೆಗಳೊಳಗಿದೆ. ಕುಡಿದು ಬಂದ ಗಂಡನಿಂದ ಏಟು ತಿಂದವಳಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೆ, ನಾವು ಎಷ್ಟು ಸುಲಭವಾಗಿ ‘ಅದು ನಿನ್ನ ಶಿಲುಬೆ, ಹೊತ್ತುಕೋ’ ಎಂದುಬಿಡುತ್ತೇವೆ! ತನ್ನ ಶಿಲುಬೆಯನ್ನು ಹೊರಬೇಕೆಂದು ಯೇಸುಸ್ವಾಮಿ ಹೇಳಿದ್ದು ತಮ್ಮನ್ನು ಹಿಂಬಾಲಿಸಲು ಸ್ವತಃ ಮನಸ್ಸುಮಾಡಿದವರಿಗೆ. ಇನ್ನೊಬ್ಬರ ಹೆಗಲಿಗೆ ಶಿಲುಬೆಯನ್ನೇರಿಸುವ ಕೆಲಸ ಪಾಡಿನ ಕಥೆಯಲ್ಲಿ ಸೈನಿಕರದು. ಆ ಹಾದಿಯಲ್ಲಿ ಶಿಲುಬೆಗೆ ಹೆಗಲು ಕೊಟ್ಟವನು ಸಿರೇನೆಯ ಸಿಮೋನ. ಹೊಲದ ಕಡೆಯಿಂದ ಬರುತ್ತಿದ್ದ ಅವನು ಬಲವಂತಕ್ಕೆ ಸಿಕ್ಕಿ ಹೊತ್ತನೇ ಹೊರತು ಭಕ್ತಿಯಿಂದಲ್ಲ. ಆದರೂ ಅವನ ಹೆಸರಷ್ಟೇ ಅಲ್ಲ, ಮಕ್ಕಳಾದ ಅಲೆಕ್ಸಾಂಡರ್ ಮತ್ತು ರೂಫರ ಹೆಸರುಗಳೂ ಶುಭಸಂದೇಶದಲ್ಲಿ ಉಳಿದಿವೆ. ಯೇಸುಸ್ವಾಮಿ ಆ ನೆರವನ್ನು ಬೇಡವೆನ್ನಲಿಲ್ಲ. ಎರಡನೇ ಜಾನ್ ಪಾಲ್ ಪೋಪರು 1984ರಲ್ಲಿ ಯಾತನೆಯ ಕುರಿತು ಬರೆದ ಪ್ರೇಷಿತ ಪತ್ರದ ಕೊನೆಯ ಭಾಗದಲ್ಲಿ ಎತ್ತಿಕೊಂಡದ್ದು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿದ ಸಮಾರಿಯದವನ ಕಥೆಯನ್ನು.

ಕೃತಜ್ಞತೆ ತಡವಾಗಿಯೂ ಬರುತ್ತದೆ. ಹಿಂದೊಮ್ಮೆ ಜನರ ಕಣ್ಣಿಗೆ ಬೀಳದಂತೆ ರಾತ್ರಿಯಲ್ಲಿ ಬಂದಿದ್ದ ನಿಕೊದೇಮನು, ಎಲ್ಲ ಮುಗಿದ ಮೇಲೆ, ಅರಿಮತಾಯದ ಜೋಸೆಫನೊಂದಿಗೆ ಬಂದನು. ಇನ್ನು ಆತನಿಗೆ ಆ ದೇಹದಿಂದ ಯಾವ ಉತ್ತರವೂ ದೊರೆಯುವಂತಿರಲಿಲ್ಲ. ಆತನು ತಂದದ್ದು ರಕ್ತಬೋಳ ಮತ್ತು ಅಗರುಗಳ ಮಿಶ್ರಣ. ಸಂತ ಯೊವಾನ್ನರು ಕೊಡುವ ತೂಕ ನಮ್ಮ ಲೆಕ್ಕದಲ್ಲಿ 30 ಕಿಲೋಗ್ರಾಂಗಿಂತ ಹೆಚ್ಚು. ಇಬ್ಬರೂ ಸೇರಿ ಆ ಗಾಯಗೊಂಡ ದೇಹವನ್ನು ಸುಗಂಧದ್ರವ್ಯಗಳೊಡನೆ ನಾರುಬಟ್ಟೆಯಲ್ಲಿ ಸುತ್ತಿ, ಹತ್ತಿರದ ತೋಟದಲ್ಲಿದ್ದ ಹೊಸ ಸಮಾಧಿಯಲ್ಲಿ ಇರಿಸಿದರು.