ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ನನ್ನ ಹಳೆಯ ಶಿಷ್ಯನೊಬ್ಬನು ಗ್ಲಾಸ್ಗೋ ನಗರದಲ್ಲಿ ಸಂವೇದಕ ಮತ್ತು ಬಿಂಬಗ್ರಹಣ ವಿದ್ಯೆಯಲ್ಲಿ ಸ್ನಾತಕೋತ್ತರ ಪದವಿಗೆ ವ್ಯಾಸಂಗ ಮಾಡುತ್ತಿರುವನು. ರಜೆಯಲ್ಲಿ ಬಂದಿದ್ದಾಗ ಅವನು ತಿಳಿಸಿದ ಸಂಗತಿಯೊಂದು ನನ್ನನ್ನು ಬಹುವಾಗಿ ಕಾಡಿತು. 1976ರಲ್ಲಿ ಬ್ರೈಸ್ ಬೇಯರನ ಹೆಸರಿನಲ್ಲಿ ಪೇಟೆಂಟಾದ ವಿಧಾನದಂತೆ, ಇಂದಿನ ಬಹುತೇಕ ಕ್ಯಾಮರಾಗಳಲ್ಲಿ ಬೆಳಕನ್ನು ಗ್ರಹಿಸುವ ಪ್ರತಿಯೊಂದು ಕೋಶವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುವುದು. ಉಳಿದೆರಡನ್ನು ನೆರೆಯ ಕೋಶಗಳ ಆಧಾರದಿಂದ ಗಣಿತವೇ ಊಹಿಸಿ ತುಂಬುವುದು. ಅಂದಮೇಲೆ ನಾವು ಪ್ರತ್ಯಕ್ಷವೆಂದು ನಂಬುವ ವರ್ಣಚಿತ್ರದಲ್ಲಿ ಮೂರರಲ್ಲೆರಡು ಪಾಲು ಅನುಮಾನವೇ!

ನೈಯಾಯಿಕರು ಅನುಮಾನವನ್ನೂ ಪ್ರಮಾಣವೆಂದೇ ಒಪ್ಪಿರುವರು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದವನು “ಬೆಂಕಿಯನ್ನೇ ಕಂಡೆನು” ಎಂದು ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿಯಬಹುದೇ? ಶಿಷ್ಯನನ್ನು ಇದನ್ನೇ ಕೇಳಿದೆನು.

“ಗುರುಗಳೇ, ಕಣ್ಣೂ ಹಾಗೆಯೇ ಅಲ್ಲವೇ? ಅಕ್ಷಿಪಟಲದಿಂದ ನರವು ಹೊರಡುವ ಎಡೆಯು ಕುರುಡು, ಆ ತೆರಪನ್ನು ಮಿದುಳೇ ತುಂಬುವುದು” ಎಂದನು.

ಮಾತು ನಿಜ. (ಪಾಠಶಾಲೆಯಲ್ಲಿ ಇಂಥ ಪೂರ್ವಪಕ್ಷವು ನನಗೆ ಎದುರಾಗಿರಲಿಲ್ಲ.) ಆದರೂ ನನ್ನ ಕಣ್ಣು ವಂಚಿಸಿದರೆ ನನ್ನೊಬ್ಬನನ್ನು, ಯಂತ್ರದ ಚಿತ್ರವನ್ನು ನಂಬಿಯಾದರೋ ವೈದ್ಯನು ಶಸ್ತ್ರವನ್ನೆತ್ತುವನು, ನ್ಯಾಯಾಧೀಶನು ಶಿಕ್ಷೆ ವಿಧಿಸುವನು. ಅಳೆದದ್ದು ಯಾವುದು, ತುಂಬಿದ್ದು ಯಾವುದು ಎಂದು ಬಿಡಿಸಿ ಹೇಳುವ ಹೊಣೆ ಯಂತ್ರವನ್ನು ರಚಿಸಿದವನದಲ್ಲವೇ?

ಅವನು ಕೊಂಚ ಹೊತ್ತು ಸುಮ್ಮನಿದ್ದು, ತನ್ನ ಪ್ರಬಂಧದಲ್ಲಿ ಅಂಥದೊಂದು ಅಧ್ಯಾಯವಿಲ್ಲವೆಂದನು.