ಅವಸರದ ಅನ್ನವೂ ಅರ್ಪಿತದ ಅನ್ನವೂ

ಹಸಿವು ಶರೀರಧರ್ಮ, ಅದನ್ನು ಹಿಂಗಿಸಿಕೊಳ್ಳುವುದು ದೋಷವಲ್ಲ. ಹೇಗೆ ಹಿಂಗಿಸಿಕೊಳ್ಳಬೇಕೆಂಬುದು ಮಾತ್ರ ಧರ್ಮದ ಪ್ರಶ್ನೆ. ಪ್ರಸಾದವನ್ನು ಅಷ್ಟಾವರಣಗಳಲ್ಲೊಂದಾಗಿ ಎಣಿಸಿದ ವೀರಶೈವವು ಈ ಪ್ರಶ್ನೆಯನ್ನು ಅಡುಗೆಮನೆಗೆ ಬಿಟ್ಟುಕೊಡದೆ ಪೂಜಾಗೃಹಕ್ಕೆ ತಂದಿತು. ಲಿಂಗಕ್ಕೆ ಅರ್ಪಿಸುವ ಮುನ್ನ ಉಣಿಸು ಪದಾರ್ಥ. ಅರ್ಪಿಸಿದ ಬಳಿಕ ಪ್ರಸಾದ. ಇವೆರಡರ ನಡುವಣ ಅಂತರ ಒಂದು ಕ್ಷಣದ್ದು. ಆ ಕ್ಷಣವನ್ನು ಕಳೆದುಕೊಂಡವನು ಏನನ್ನು ಕಳೆದುಕೊಂಡನೆಂಬುದು ಇಂದು ವಿಚಾರಾರ್ಹವಾಗಿದೆ.

ಧಾರವಾಡದ ಕಡೆಯಿಂದ ಉದ್ಯೋಗನಿಮಿತ್ತ ಬಂಟ್ವಾಳಕ್ಕೆ ಬಂದು ನೆಲೆಸಿದ ಸದ್ಗೃಹಸ್ಥರೊಬ್ಬರ ಬಾಳು ಇದಕ್ಕೆ ನಿದರ್ಶನ. ಬಾಲ್ಯದಲ್ಲಿ ಅವರ ತಾಯಿ, ಕರಸ್ಥಲದ ಲಿಂಗಕ್ಕೆ ಅರ್ಪಿಸಿದ ಹೊರತು ಮಗನಿಗೆ ರೊಟ್ಟಿಯ ತುತ್ತನ್ನು ಎತ್ತಗೊಡುತ್ತಿರಲಿಲ್ಲ. ಜಾತ್ರೆಯಿಂದ ತಂದ ಮಿರ್ಚಿ ಭಜಿ, ಗಿರಮಿಟ್ಟುಗಳಿಗೂ ಅದೇ ನಿಯಮ. ತಾರುಣ್ಯದಲ್ಲಿ ಬಿ. ಸಿ. ರೋಡಿನ ಹೋಟೆಲುಗಳ ಗೋಳಿಬಜೆ, ಬನ್ಸುಗಳು ಅವರ ಸಂಜೆಯ ಸಂಗಾತಿಗಳಾದವು. ಬೆಂಗಳೂರಿನ ಹೆದ್ದಾರಿಯಿಂದ ಚಾರ್ಮಾಡಿ ಘಟ್ಟದ ಮಾರ್ಗವು ಕವಲೊಡೆಯುವ ಆ ಸ್ಥಳದಲ್ಲಿ ಬಸ್ಸು ಹಿಡಿಯುವ ತ್ವರೆ ಎಲ್ಲರಿಗೂ ಇರುವುದೇ. ಮೊದಮೊದಲು ಅವರು ಕಣ್ಮುಚ್ಚಿ ಲಿಂಗವನ್ನು ನೆನೆದು ತಿನ್ನುತ್ತಿದ್ದರು. ಬರಬರುತ್ತ ಆ ನೆನಹು ತಪ್ಪಿತು. ಮುಂದೆ ಬೆಳ್ತಂಗಡಿಗೆ ವರ್ಗವಾದಾಗ ತಳ್ಳುಗಾಡಿಯ ಗೋಬಿ ಮಂಚೂರಿ, ನೂಡಲ್ಸುಗಳು ದಿನಚರಿಯನ್ನೇ ಹೊಕ್ಕವು. ಮನೆಗೆ ಬಂದರೆ ಮೈ ಭಾರ. ಸಂಜೆಯ ಲಿಂಗಪೂಜೆಗೆ ಆಲಸ್ಯ. ಮನೆಯಾಕೆ ಬಡಿಸಿದ ಎಡೆ ಆರಿ ತಣ್ಣಗಾಗುತ್ತಿತ್ತು.

ಮಗನು ಮೂಡುಬಿದಿರೆಯ ವಿದ್ಯಾರ್ಥಿನಿಲಯದಲ್ಲಿದ್ದು ಓದತೊಡಗಿದನು. ಒಮ್ಮೆ ಅವನನ್ನು ನೋಡಲು ಹೋದ ತಂದೆ, "ಲಿಂಗಕ್ಕೆ ಅರ್ಪಿಸಿ ಉಣ್ಣುತ್ತೀಯೇನಪ್ಪಾ?" ಎಂದು ಕೇಳಿದರು. ಮಗನು ತಲೆತಗ್ಗಿಸಿ, "ಅಪ್ಪಾ, ಗಾಡಿಯ ಮುಂದೆ ನಿಂತು ತಿನ್ನುವಾಗ ನೀವು ಅರ್ಪಿಸಿದ್ದನ್ನು ನಾನು ಎಂದೂ ಕಂಡಿಲ್ಲ" ಎಂದನು. ಆ ಮಾತಿನಲ್ಲಿ ಅವಿನಯವಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದನು. ತಾಯಿ ಕೊಟ್ಟ ಆಚಾರವು ತಮ್ಮಲ್ಲಿಯೇ ಮುರಿದು, ಮಗನಿಗೆ ಮುಟ್ಟದೆ ಹೋಯಿತೆಂಬುದು ತಂದೆಗೆ ಅಂದು ತಿಳಿಯಿತು.

ಹಾಗಾದರೆ ದೋಷವು ಎಲ್ಲಿದೆ? ಅವಸರದಲ್ಲಿ ಇದೆಯೆನ್ನಲಾಗದು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಸಾವಿರಾರು ಜನ ಪಂಕ್ತಿಯಲ್ಲಿ ಕುಳಿತು ಬೇಗಬೇಗನೆ ಉಂಡೇಳುತ್ತಾರೆ. ಆದರೂ ಅದನ್ನು ಅವರು ಪ್ರಸಾದವೆಂದೇ ಉಣ್ಣುತ್ತಾರೆ. ಮಾರಿದ ಅನ್ನವೆಂಬುದೂ ದೋಷವಲ್ಲ. ಕೂಲಿಕಾರನಿಗೂ ದಾರಿಹೋಕನಿಗೂ ಹಸಿದ ಹೊತ್ತಿಗೆ ಬೇಯಿಸಿ ಕೊಡುವವನದು ಕಾಯಕವೇ. ಶುಚಿಯಿಂದಲೂ ಸತ್ಯದಿಂದಲೂ ನಡೆದರೆ ಅವನ ಒಲೆಗೆ ಗೌರವ ಸಲ್ಲಬೇಕು.

ಷಟ್‌ಸ್ಥಲಶಾಸ್ತ್ರವು ಇಲ್ಲಿ ದಾರಿತೋರುತ್ತದೆ. ಆ ಶಾಸ್ತ್ರದಂತೆ ಮೂಗಿನಲ್ಲಿರುವ ಆಚಾರಲಿಂಗಕ್ಕೆ ಗಂಧ, ನಾಲಗೆಯ ಗುರುಲಿಂಗಕ್ಕೆ ರುಚಿ, ಕಣ್ಣಿನ ಶಿವಲಿಂಗಕ್ಕೆ ರೂಪ, ತ್ವಕ್ಕಿನ ಜಂಗಮಲಿಂಗಕ್ಕೆ ಸ್ಪರ್ಶ, ಕಿವಿಯ ಪ್ರಸಾದಲಿಂಗಕ್ಕೆ ಶಬ್ದ, ಹೃದಯದ ಮಹಾಲಿಂಗಕ್ಕೆ ತೃಪ್ತಿ ಅರ್ಪಿತವಾಗಬೇಕು. ರುಚಿಯನ್ನು ಶರಣರು ನಿಂದಿಸಲಿಲ್ಲ. ಅದಕ್ಕೂ ಒಂದು ಲಿಂಗವನ್ನು ಹೇಳಿದರು. ಆದರೆ ರುಚಿಯಲ್ಲಿಯೇ ನಿಂತುಬಿಡುವ ಊಟವು ಹೃದಯವನ್ನು ಮುಟ್ಟುವುದಿಲ್ಲ. ನಾಲಗೆ ಮತ್ತಷ್ಟು ಬೇಡುತ್ತದೆ, ಹೊಟ್ಟೆ ಸಾಕೆನ್ನುತ್ತದೆ, ಮಹಾಲಿಂಗವು ಉಪವಾಸವಿರುತ್ತದೆ.

ರೂಪದ ವಿಷಯವನ್ನೂ ನೋಡಬೇಕು. ಪರೀಕ್ಷೆಗೊಳಪಡಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದುದರಿಂದ, ಕರ್ನಾಟಕ ಸರ್ಕಾರವು 2024ರ ಮಾರ್ಚ್ ತಿಂಗಳಲ್ಲಿ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಇದು ಆರೋಗ್ಯದ ವಿಷಯವಷ್ಟೇ ಅಲ್ಲ. ಕಣ್ಣನ್ನು ಸೆಳೆಯಲೆಂದು ಬಳಿದ ಹುಸಿಬಣ್ಣವನ್ನು ಶಿವಲಿಂಗಕ್ಕೆ ಅರ್ಪಿಸುವುದು ಹೇಗೆ? ಹಾಗೆ ಬೆರೆಸಿದವನ ಕಾಯಕವೂ ಕೆಟ್ಟಿತು, ವಿಚಾರಿಸದೆ ಉಂಡವನ ಅರ್ಪಿತವೂ ಕೆಟ್ಟಿತು.

ಮಿತಿಯ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಬಸದಿಗಳ ನೆರೆಯಲ್ಲಿ, ಸೂರ್ಯಾಸ್ತದ ಬಳಿಕ ಉಣ್ಣದ ವ್ರತವನ್ನು ಪಾಲಿಸುವ ಜೈನ ಶ್ರಾವಕರಿದ್ದಾರೆ. ನಮ್ಮವರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದವರಾರು? ಪತಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಳವನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಶರಣೆ ಆಕೆ. ಅಗತ್ಯಕ್ಕೆ ಮೀರಿದ್ದು ಬಡತನದಲ್ಲಿಯೂ ಆಕೆಗೆ ಬೇಡವಾಯಿತು.

ಆ ಗೃಹಸ್ಥರು ಮಗನಿಗೆ ಉಪದೇಶ ಮಾಡಲಿಲ್ಲ, ಹೊರಗಿನ ತಿಂಡಿಯನ್ನು ಬಿಟ್ಟೆನೆಂದು ಆಣೆಯನ್ನೂ ಇಡಲಿಲ್ಲ. ಎಲ್ಲಿಯೇ ಆಗಲಿ, ಕೈಯ ತುತ್ತು ಬಾಯಿಗೆ ಹೋಗುವ ಮುನ್ನ ಎದೆಯ ಮೇಲಣ ಲಿಂಗವನ್ನು ನೆನೆಯತೊಡಗಿದರು. ಆಗ ಒಂದು ವಿಶೇಷ ನಡೆಯಿತು. ಗೋಳಿಬಜೆಯನ್ನು ಅರ್ಪಿಸಲು ಮನಸ್ಸು ಒಪ್ಪಿತು. ಕೆಂಪುಬಣ್ಣದ ತಟ್ಟೆಯ ಮುಂದೆ ಕೈ ಹಿಂಜರಿಯಿತು. ಬಿಡಬೇಕಾದುದು ತಾನಾಗಿ ಬಿಟ್ಟಿತು. ಸಂಜೆಯ ಪೂಜೆ ಮರಳಿ ಬಂದಿತು. ರಜೆಗೆ ಬಂದ ಮಗನು ಇದೆಲ್ಲವನ್ನೂ ಕಂಡನು. ಊಟಕ್ಕೆ ಕುಳಿತಾಗ, ಯಾರೂ ಹೇಳದೆಯೇ, ತಂದೆಯೊಡನೆ ಒಂದು ಕ್ಷಣ ಕಣ್ಮುಚ್ಚಿದನು.

ಸದ್ಭಕ್ತರು ತಮ್ಮ ಮಕ್ಕಳಿಗೆ ತಿನ್ನಬೇಡವೆಂದು ಹೇಳುವ ಮುನ್ನ, ತಾವು ಅರ್ಪಿಸಿ ಉಣ್ಣುವುದನ್ನು ಅವರು ಕಾಣುವಂತೆ ನಡೆಯಲಿ.