ಒಡೆಯನ ಮನೆ, ನಮ್ಮ ಹೊಣೆ



ಮಲ್ಪೆಯ ಕಡಲಿನಿಂದ ಉಡುಪಿಯ ರಥಬೀದಿಗೆ ಸುಮಾರು 6 ಕಿಲೋಮೀಟರು. ಮುಂಜಾವದಲ್ಲಿ ಸೈಕಲ್ ತುಳಿದು ಶ್ರೀಕೃಷ್ಣದರ್ಶನಕ್ಕೆ ಬರುವವರು ಬಲ್ಲರು: ಎಣ್ಣೆ ಕಾಣದ ಚೈನಿಗೆ ಉಪ್ಪುಗಾಳಿಯು ಬಲುಬೇಗ ತುಕ್ಕು ಹಿಡಿಸುತ್ತದೆ. ಮನೆಯ ಮಾತೂ ಅಂತೆಯೇ. ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ ಒಡೆದ ಹಂಚನ್ನು ಬದಲಿಸದಿದ್ದರೆ ಪಕ್ಕಾಸು ಕೊಳೆಯುವುದು ನಿಶ್ಚಯ.

ಕಳೆದ ಮಳೆಗಾಲದಲ್ಲಿ ನಾನೂ "ನಾಳೆ ನೋಡುವಾ" ಎಂದು ಒಂದು ಹಂಚನ್ನು ಹಾಗೆಯೇ ಬಿಟ್ಟಿದ್ದೆನು. ಆಷಾಢದ ಒಂದು ರಾತ್ರಿ ದೇವರ ಕೋಣೆಯಲ್ಲಿ ನೀರು ತೊಟ್ಟಿಕ್ಕಿತು. ವೃದ್ಧರಾದ ತೀರ್ಥರೂಪರು ಕತ್ತಲಲ್ಲಿಯೇ ಎದ್ದು ಸಾಲಿಗ್ರಾಮದ ಸಂಪುಟವನ್ನು ಎದೆಗವಚಿಕೊಂಡು ಹೊರತಂದರು. ನನ್ನನ್ನು ಗದರಿಸಲಿಲ್ಲ. "ಮನೆ ಅವನದು ಮಗಾ, ನಾವು ನೋಡಿಕೊಳ್ಳತಕ್ಕವರು" ಎಂದಷ್ಟೇ ನುಡಿದರು.

ಆ ಮಾತಿನಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತವೇ ಅಡಗಿದೆ. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲ ಪರತಂತ್ರ. ಈ ದೇಹವೂ ನಮ್ಮ ಸ್ವತ್ತಲ್ಲ. ಸಾಧನೆಗಾಗಿ ಅವನು ಕೊಟ್ಟ ಬಿಡಾರ. ಹಾಗಾದರೆ ವ್ಯಾಯಾಮವು ದೇಹಾಭಿಮಾನವಲ್ಲವೇ ಎಂದು ಕೆಲವರು ಕೇಳಬಹುದು. ನನ್ನದೆಂದು ಮೆರೆಸಿದರೆ ಅಭಿಮಾನ. ಅವನದೆಂದು ಕಾಪಾಡಿದರೆ ಸೇವೆ. ಬಾಲ್ಯದಲ್ಲಿ ಓಟ, ಈಜು, ಮಲ್ಲಯುದ್ಧಗಳಲ್ಲಿ ಆಚಾರ್ಯರಿಗಿದ್ದ ಮೇಲುಗೈಯನ್ನು ನಾರಾಯಣ ಪಂಡಿತಾಚಾರ್ಯರು 'ಸುಮಧ್ವವಿಜಯ'ದಲ್ಲಿ ವರ್ಣಿಸಿದ್ದಾರೆ. ಗೀತೆಯ 6ನೆಯ ಅಧ್ಯಾಯವು ಆಹಾರ, ವಿಹಾರ, ನಿದ್ರೆ, ಎಚ್ಚರಗಳಲ್ಲಿ ಮಿತಿಯನ್ನೂ ವಿಧಿಸಿದೆ.

ಆದುದರಿಂದ ಪೆಡಲು ತುಳಿಯುವ ಕಾಲೂ ಹಂಚು ಹೊದಿಸುವ ಕೈಯೂ ಅವನ ಸ್ಮರಣೆಯೊಡನೆ ಚಲಿಸಲಿ. ಮಳೆ ಬರುವ ಮುನ್ನ ಮಾಡನ್ನೊಮ್ಮೆ, ಮನಸ್ಸನ್ನೊಮ್ಮೆ ಪರೀಕ್ಷಿಸಿಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು.